ಹಳೆಯದಾದಷ್ಟೂ ದುಬಾರಿ: ಗೇಮ್ ಕನ್ಸೋಲ್‌ಗಳ ಉಲ್ಟಾ ಲೆಕ್ಕ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಪ್ಯೂಟರ್ ಸಾಮಾನು ಕೊಳ್ಳುವವರಿಗೆ ಒಂದು ಹಳೆ ನಂಬಿಕೆ ಇದೆ: ಸ್ವಲ್ಪ ದಿನ ಕಾದರೆ ರೇಟು ಇಳಿಯುತ್ತೆ. ಗೇಮ್ ಆಡಲೆಂದೇ ಇರುವ ಯಂತ್ರ, ಅಂದರೆ ಗೇಮ್ ಕನ್ಸೋಲ್ ವಿಷಯದಲ್ಲಿ ಈ ನಂಬಿಕೆ ಈಗ ಕೈಕೊಟ್ಟಿದೆ. 2021ರ ಫೆಬ್ರವರಿಯಲ್ಲಿ ಸೋನಿಯ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. 2022ರ ನವೆಂಬರ್‌ನಲ್ಲಿ ಅದೇ ಪೆಟ್ಟಿಗೆಗೆ 54,990. ಅಮೆರಿಕದಲ್ಲಿ 499 ಡಾಲರ್‌ಗೆ ಶುರುವಾದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, 2025ರಲ್ಲಿ ಎರಡು ಸಲ ಏರಿ 649 ಮುಟ್ಟಿತು. ಐದು ವರ್ಷ ಹಳೇ ಯಂತ್ರಕ್ಕೆ ಹೊಸದರಲ್ಲಿ ಇದ್ದದ್ದಕ್ಕಿಂತ ಜಾಸ್ತಿ ದುಡ್ಡು!

ಮೊದಲು ಹೀಗಿರಲಿಲ್ಲ. 2000ದಲ್ಲಿ 299 ಡಾಲರ್ ಇದ್ದ ಪ್ಲೇಸ್ಟೇಷನ್ 2, 2009ರ ಹೊತ್ತಿಗೆ 99ಕ್ಕೆ ಇಳಿದಿತ್ತು. ಇದು ಸೋನಿಯ ಧಾರಾಳತನ ಅಲ್ಲ, ಸಿಲಿಕಾನ್ ಮಹಿಮೆ. ಚಿಪ್‌ಗಳನ್ನು ವೇಫರ್ ಎಂಬ ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ ಒಟ್ಟಿಗೆ ತಯಾರಿಸಿ, ಆಮೇಲೆ ಕತ್ತರಿಸುತ್ತಾರೆ. ತಟ್ಟೆಯಲ್ಲಿ ಹುಯ್ದ ಮೈಸೂರು ಪಾಕ್ ಇದ್ದ ಹಾಗೆ. ತುಂಡು ಚಿಕ್ಕದಾದಷ್ಟೂ ಒಂದೇ ತಟ್ಟೆಯಿಂದ ಹೆಚ್ಚು ತುಂಡು, ಪ್ರತಿ ತುಂಡಿನ ಖರ್ಚು ಕಮ್ಮಿ. ಪ್ಲೇಸ್ಟೇಷನ್ 2ರಲ್ಲಿ ಮೊದಲು ಬೇರೆ ಬೇರೆಯಾಗಿದ್ದ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್‌ಗಳು ಕುಗ್ಗಿ ಕುಗ್ಗಿ, ಕೊನೆಗೆ 90 ನ್ಯಾನೋಮೀಟರ್ ತಂತ್ರದಲ್ಲಿ (ಈ ಅಂಕಿ ಚಿಕ್ಕದಾದಷ್ಟೂ ಚಿಪ್ ಮೇಲಿನ ಗೆರೆ ಸಣ್ಣ) ಒಂದೇ ಚಿಪ್ ಆದವು. ಕರೆಂಟ್ ಕಮ್ಮಿ, ಬಿಸಿಯೂ ಕಮ್ಮಿ. 2004ರಲ್ಲಿ ತೆಳ್ಳನೆಯ ಮಾದರಿ ಬಂತು.

ಕನ್ಸೋಲ್ ಕಂಪನಿಗಳ ಇಡೀ ವ್ಯಾಪಾರ ನಿಂತಿದ್ದೇ ಈ ಕುಗ್ಗುವಿಕೆಯ ಮೇಲೆ. ಶುರುವಿನಲ್ಲಿ ಯಂತ್ರವನ್ನು ನಷ್ಟಕ್ಕೆ ಮಾರು, ಚಿಪ್ ಅಗ್ಗ ಆಗುವವರೆಗೆ ತಡೆದುಕೊ, ಮಾರಾಟವಾದ ಪ್ರತಿ ಗೇಮ್‌ನಲ್ಲೂ ಸುಮಾರು ಶೇ. 30ರಷ್ಟು ಪಾಲು ತೆಗೆದುಕೊ. ಎಕ್ಸ್‌ಬಾಕ್ಸ್ ಯಂತ್ರ ಮಾರಿ ಲಾಭ ಮಾಡಿದ್ದೇ ಇಲ್ಲ ಎಂದು 2021ರಲ್ಲಿ ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು ಅಮೆರಿಕದ ಕೋರ್ಟಿನಲ್ಲೇ ಹೇಳಿದ್ದರು. ತಡೆದುಕೊಳ್ಳಲು ಆಗದವರು ಆಟ ಬಿಟ್ಟರು. ತನ್ನ ಡ್ರೀಮ್‌ಕಾಸ್ಟ್ ಕನ್ಸೋಲ್ ಸೋತು, 2001ರಲ್ಲಿ ಸೆಗಾ ಕಂಪನಿ ಯಂತ್ರ ಮಾಡುವುದನ್ನೇ ನಿಲ್ಲಿಸಿತು.

ಈಗ ಆಗಿರುವುದೇನೆಂದರೆ, ಚಿಪ್ ಕುಗ್ಗಿದರೂ ಖರ್ಚು ಇಳಿಯುತ್ತಿಲ್ಲ. ಅಷ್ಟು ಸಣ್ಣ ಗೆರೆ ಕೊರೆಯುವ ಯಂತ್ರಗಳು ವಿಪರೀತ ದುಬಾರಿ, ಹಾಗಾಗಿ ಹೊಸ ತಂತ್ರದ ವೇಫರ್ ಬೆಲೆಯೂ ಏರುತ್ತದೆ. ಚಿಪ್‌ನೊಳಗಿನ ಎಸ್‌ರ‍್ಯಾಮ್ ಅನ್ನುವ ಮೆಮೊರಿ ಭಾಗವಂತೂ ಕುಗ್ಗುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿದೆ. 2022ರಲ್ಲಿ ಪ್ಲೇಸ್ಟೇಷನ್ 5ರ ಚಿಪ್ 7ರಿಂದ 6 ನ್ಯಾನೋಮೀಟರ್‌ಗೆ ಹೋಗಿ ಸ್ವಲ್ಪ ಚಿಕ್ಕದಾಯಿತು. ಬೆಲೆ? ಅದೇ ವರ್ಷ ಹಲವು ದೇಶಗಳಲ್ಲಿ ಏರಿತು. ಹಣದುಬ್ಬರ, 2025ರ ಅಮೆರಿಕದ ಆಮದು ಸುಂಕ ಎಲ್ಲವೂ ಸೇರಿಕೊಂಡವು. ಸಾಲದ್ದಕ್ಕೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಪ್ಲೇಸ್ಟೇಷನ್ 5ಕ್ಕೇ 16 ಜಿಬಿ ಮೆಮೊರಿ ಬೇಕು, ಅಲ್ವಾ?

ಯಂತ್ರ ಅಗ್ಗ ಆಗದಿದ್ದರೆ ಕೊಳ್ಳುವವರು ಹೆಚ್ಚುವುದಿಲ್ಲ. ಆಗ ಗೇಮನ್ನು ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಹಾಕುವುದು ಸುಮ್ನೆ ನಷ್ಟ. 2023ರಲ್ಲಿ 68.7 ಬಿಲಿಯನ್ ಡಾಲರ್‌ಗೆ ಆಕ್ಟಿವಿಷನ್ ಬ್ಲಿಝಾರ್ಡ್ ಎಂಬ ಗೇಮ್ ಕಂಪನಿಯನ್ನು ಕೊಂಡ ಮೈಕ್ರೋಸಾಫ್ಟ್, ಮರುವರ್ಷವೇ ತನ್ನ ನಾಲ್ಕು ಗೇಮ್‌ಗಳನ್ನು ಎದುರಾಳಿಗಳ ಯಂತ್ರಗಳಿಗೂ ಕೊಡುತ್ತೇನೆ ಅಂದಿತು. 2025ರಲ್ಲಿ ತನ್ನ ಹೆಸರಾಂತ ಗೇಮ್ ಹೇಲೋ ಕೂಡ ಪ್ಲೇಸ್ಟೇಷನ್‌ಗೆ ಬರುತ್ತದೆ ಎಂದು ಸಾರಿತು. ಎಷ್ಟೋ ಜನ ಮೊದಲ ಎಕ್ಸ್‌ಬಾಕ್ಸ್ ಕೊಂಡಿದ್ದೇ ಹೇಲೋ ಆಡಲು! ಸೋನಿ 2020ರಿಂದಲೇ ತನ್ನ ದೊಡ್ಡ ಗೇಮ್‌ಗಳನ್ನು ಪಿಸಿಗೆ ಕೊಡಲು ಶುರುಮಾಡಿತ್ತು. ನನ್ನ ಪ್ರಕಾರ ಇದು ಸೋಲಲ್ಲ, ತಡವಾಗಿ ಬಂದ ಬುದ್ಧಿ.

ಜಾಣತನ ತೋರಿದ್ದು ನಿಂಟೆಂಡೊ. 2017ರ ಸ್ವಿಚ್ ಕನ್ಸೋಲ್‌ಗೆ ಹೊಸ ಚಿಪ್‌ನ ಗೋಜಿಗೆ ಹೋಗದೆ 2015ರಲ್ಲೇ ಬಂದಿದ್ದ ಎನ್‌ವಿಡಿಯಾ ಚಿಪ್ ಹಾಕಿ, 15 ಕೋಟಿಗೂ ಹೆಚ್ಚು ಯಂತ್ರ ಮಾರಿತು. ಆದರೂ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಆ ಎಂಟು ವರ್ಷದ ಹಳೇ ಸ್ವಿಚ್‌ನ ಬೆಲೆಯನ್ನೂ ಸುಮಾರು 300ರಿಂದ 340 ಡಾಲರ್‌ಗೆ ಏರಿಸಿತು. ನಿಂಟೆಂಡೊ ನಮ್ಮಲ್ಲಿ ನೇರವಾಗಿ ಮಾರುವುದಿಲ್ಲ. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ಸಿಗುವ ಸ್ವಿಚ್ ಹೊರದೇಶದಿಂದ ಬಂದದ್ದು. ಅಲ್ಲಿ ಬೆಲೆ ಏರಿದರೆ ಇಲ್ಲಿ ಚೌಕಾಸಿಗೆ ಜಾಗ ಇನ್ನೂ ಕಮ್ಮಿ.