ಬೆಳ್ಳಿ ಮುಸುಕು: ‘ಸಿಲ್ವರ್ ಶ್ರೌಡ್’ ಅಂದರೆ ಯಾರು?

ಶ್ರೌಡ್ ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆ. ಹುಬ್ಬಳ್ಳಿಯಲ್ಲಿ ಕಫನ್ ಅಂದರೂ ಎಲ್ಲರಿಗೂ ತಿಳಿಯುತ್ತದೆ. ಹಾಗಾದರೆ ಸಿಲ್ವರ್ ಶ್ರೌಡ್ ಅಂದರೆ ಬೆಳ್ಳಿಯ ಕಫನ್. ವಿಡಿಯೊ ಗೇಮಿನ ಒಬ್ಬ ಹೀರೋಗೆ ಇಂಥ ಹೆಸರು ಯಾಕೆ ಇಟ್ಟರು?

ಇದನ್ನು ಕೇಳಿದವಳು ನನ್ನ ತಂಗಿಯ ಮಗಳು. ಗದಗಿನಿಂದ ರಜೆಗೆ ಬಂದಿದ್ದಳು. ಲ್ಯಾಪ್‌ಟಾಪಿನಲ್ಲಿ ಆಡುತ್ತಾ ಆಡುತ್ತಾ ನಿಲ್ಲಿಸಿ, “ಮಾಮಾ, ಇವನಿಗೆ ಕನ್ನಡದಾಗ ಏನಂತಾರ?” ಅಂದಳು. ಒಂದು ಸಾಲಿನಲ್ಲಿ ಹೇಳಲು ಆಗಲಿಲ್ಲ. ಆಮೇಲೆ ಕೂತು ಯೋಚಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಇವನು ಇರುವ ಲೋಕದ ಪರಿಚಯ. ‘ಫಾಲ್‌ಔಟ್’ ಎಂಬ ವಿಡಿಯೊ ಗೇಮ್ ಸರಣಿ 1997ರಲ್ಲಿ ಶುರುವಾಯಿತು. ಅದರ ಕಥೆಯ ಪ್ರಕಾರ 2077ರ ಅಕ್ಟೋಬರ್ 23ರಂದು ಅಣುಬಾಂಬುಗಳು ಬಿದ್ದು ಜಗತ್ತು ಹಾಳಾಗುತ್ತದೆ. ಆ ಹಾಳಾದ ಜಗತ್ತಿನ ರೇಡಿಯೊ, ಕಾರು, ಜಾಹೀರಾತುಗಳೆಲ್ಲ ನಮ್ಮ 1950ರ ದಶಕದ ಅಮೆರಿಕದಂತೆ ಕಾಣುತ್ತವೆ. ರೋಬೋಟ್ ಇದೆ, ಅಣುಶಕ್ತಿಯ ಕಾರು ಇದೆ. ಆದರೂ ಮನೆಮಂದಿ ಕೂತು ಕೇಳುವುದು ರೇಡಿಯೊ ನಾಟಕವನ್ನೇ. ಸರಣಿಯ ‘ಫಾಲ್‌ಔಟ್ 4’ ಆಟ ಬಂದದ್ದು 2015ರ ನವೆಂಬರ್ 10ರಂದು. ಕಥೆ ನಡೆಯುವುದು 2287ರಲ್ಲಿ, ಬಾಸ್ಟನ್ ಊರಿನ ಅವಶೇಷಗಳ ನಡುವೆ. ಸಿಲ್ವರ್ ಶ್ರೌಡ್ ಸಿಗುವುದು ಅಲ್ಲೇ.

ಆದರೆ ಅವನು ಆ ಲೋಕದಲ್ಲಿ ಬದುಕಿದ್ದ ಮನುಷ್ಯ ಅಲ್ಲ. ಇದು ಮುಖ್ಯ. ಯುದ್ಧಕ್ಕೂ ಮುಂಚೆ ಅಲ್ಲಿನ ಜನ ಕಾಮಿಕ್ಸ್‌ನಲ್ಲಿ ಓದಿದ, ರೇಡಿಯೊದಲ್ಲಿ ಕೇಳಿದ ಪಾತ್ರ ಅವನು. ತಲೆಗೆ ಅಂಚಿನ ಟೋಪಿ, ಮೈಗೆ ಉದ್ದನೆಯ ಕಪ್ಪು ಕೋಟು, ಕೊರಳಿಗೆ ಬೆಳ್ಳಿ ಬಣ್ಣದ ವಸ್ತ್ರ, ಕೈಯಲ್ಲಿ ಬೆಳ್ಳಿ ಬಣ್ಣದ ಮಷಿನ್‌ಗನ್. ಕತ್ತಲಲ್ಲಿ ಬಂದು ಪುಂಡರನ್ನು ಹೊಡೆಯುತ್ತಾನೆ, ತನ್ನ ಗುರುತಿನ ಚೀಟಿ ಇಟ್ಟು ಹೋಗುತ್ತಾನೆ. ನಾವು ಕಟ್ಟಿದ ಕಥೆಯೊಳಗಿನ ಜನ ಕಟ್ಟಿಕೊಂಡ ಇನ್ನೊಂದು ಕಥೆ ಇವನದು.

ಕಥೆಯೊಳಗೆ ಕಥೆ ನಮಗೆ ಹೊಸದಲ್ಲ ಬಿಡಿ. 11ನೇ ಶತಮಾನದಲ್ಲಿ ಕನ್ನಡಕ್ಕೆ ಪಂಚತಂತ್ರ ಕೊಟ್ಟ ದುರ್ಗಸಿಂಹ ಇಲ್ಲೇ ರೋಣ ತಾಲೂಕಿನ ಸಯ್ಯಡಿಯವನು. ಅವನ ಕಾವ್ಯದಲ್ಲಿ ಪ್ರಾಣಿಗಳು ಕೂತು ಒಂದಕ್ಕೊಂದು ಕಥೆ ಹೇಳುತ್ತವೆ. ಒಳಗಿನ ಕಥೆ ಕೇಳಿದ ಪ್ರಾಣಿ ಹೊರಗಿನ ಕಥೆಯಲ್ಲಿ ತನ್ನ ನಡೆ ಬದಲಿಸುತ್ತದೆ. ಸಿಲ್ವರ್ ಶ್ರೌಡ್ ಮಾಡುವುದೂ ಅದೇ ಕೆಲಸ. ಇಲ್ಲದ ಹೀರೋನ ಕಥೆ ಕೇಳಿ, ಇರುವವರು ಏನೋ ಮಾಡಲು ಎದ್ದು ನಿಲ್ಲುತ್ತಾರೆ.

ಇನ್ನು ಇವನನ್ನು ಕರೆಯುವ ಪದ, ವಿಜಿಲಾಂಟೆ. ಇದು ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಬಂದದ್ದು. ಮೂಲದಲ್ಲಿ ಲ್ಯಾಟಿನ್. ಅರ್ಥ ಇಷ್ಟೇ: ಎಚ್ಚರ ಇದ್ದು ಕಾಯುವವನು. ಆ ಮಟ್ಟಿಗೆ ನಮ್ಮ ಹಳ್ಳಿಯ ತಳವಾರ ಅನ್ನಬಹುದು. ಶಾಸನಗಳಲ್ಲಿ ‘ತಳಾರ’ ಅಂತ ಸಿಗುವ ಪದವೇ ಇದು. ಇವತ್ತಿಗೂ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮನೆಗಳ ಅಡ್ಡಹೆಸರು ತಳವಾರ ಅಲ್ವಾ? ಆದರೆ ತಳವಾರನಿಗೆ ಊರು ಕೊಟ್ಟ ಅಧಿಕಾರ ಇತ್ತು. ವಿಜಿಲಾಂಟೆಗೆ ಯಾರೂ ಕೊಟ್ಟಿಲ್ಲ, ಅವನೇ ತೆಗೆದುಕೊಂಡಿದ್ದಾನೆ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1851ರಲ್ಲಿ ಊರವರೇ ‘ಕಾವಲು ಸಮಿತಿ’ ಕಟ್ಟಿಕೊಂಡರು. ಪೊಲೀಸರು, ಕೋರ್ಟು ಸರಿಯಿಲ್ಲ ಅಂತ ತಾವೇ ವಿಚಾರಣೆ ಮಾಡಿ ನಾಲ್ವರನ್ನು ಗಲ್ಲಿಗೇರಿಸಿದರು. 1856ರಲ್ಲಿ ಮತ್ತೆ ಸಮಿತಿ ಎದ್ದಿತು, ಮತ್ತೆ ನಾಲ್ವರು ಸತ್ತರು. ಕಾಯುವವನು ಅನ್ನುವ ಒಳ್ಳೆಯ ಪದಕ್ಕೆ ರಕ್ತದ ಕಲೆ ಅಂಟಿದ್ದು ಹೀಗೆ. ಕನ್ನಡದಲ್ಲಿ ನಾವು ‘ಕಾನೂನು ಕೈಗೆ ತೆಗೆದುಕೊಂಡವರು’ ಅನ್ನುತ್ತೇವೆ. ಪದ ಉದ್ದ ಆಯಿತು, ಆದರೆ ಅರ್ಥ ಪೂರ್ತಿ ಇದೆ.

ಇಷ್ಟು ಹೇಳಿದ ಮೇಲೂ ಹುಡುಗಿಗೆ ಸಮಾಧಾನ ಆಗಲಿಲ್ಲ. “ಹಂಗಾದ್ರ ಇಂವ ಕೆಟ್ಟಾಂವನಾ?” ಅಂದಳು. ಆಗ ನನಗೆ ನೆನಪಾದವನು ಭೀಮ.

ಕೋಳಿವಾಡದ ಕುಮಾರವ್ಯಾಸ ಗದಗಿನ ವೀರನಾರಾಯಣನ ಮುಂದೆ ಕೂತು ಬರೆದ ಭಾರತದಲ್ಲಿ ವಿರಾಟಪರ್ವ ಓದಿ. ಪಾಂಡವರದು ಅಜ್ಞಾತವಾಸ. ಭೀಮ ಅಡಿಗೆಯವನು, ಹೆಸರು ವಲಲ. ದ್ರೌಪದಿ ಸೈರಂಧ್ರಿ. ಕೀಚಕ ಅವಳ ಬೆನ್ನು ಬೀಳುತ್ತಾನೆ. ಅವಳು ತುಂಬಿದ ಸಭೆಗೆ ಓಡಿ ಬಂದರೆ ಅಲ್ಲೇ ಒದೆಯುತ್ತಾನೆ. ರಾಜ ವಿರಾಟ ಸುಮ್ನೆ ಕೂತಿರುತ್ತಾನೆ. ಕೀಚಕ ಅವನ ಹೆಂಡತಿಯ ತಮ್ಮ, ಸೇನೆ ಅವನ ಕೈಯಲ್ಲಿದೆ. ದೂರು ಕೊಡಲು ಇನ್ನು ಜಾಗ ಇಲ್ಲ. ದ್ರೌಪದಿ ರಾತ್ರಿ ಅಡಿಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುತ್ತಾಳೆ. ಮರುರಾತ್ರಿ ಭೀಮ ಹೆಣ್ಣಿನ ವೇಷ ಹಾಕಿಕೊಂಡು ನಾಟ್ಯಶಾಲೆಯ ಕತ್ತಲಲ್ಲಿ ಕಾಯುತ್ತಾನೆ. ಬೆಳಗಾದಾಗ ಕೀಚಕ ಗುರುತು ಸಿಗದ ಮುದ್ದೆ. ಕೊಂದವರು ಯಾರು? ಸೈರಂಧ್ರಿಯ ಗಂಧರ್ವರು ಅಂತ ಊರು ನಂಬುತ್ತದೆ.

ನ್ಯಾಯ ಕೊಡಬೇಕಾದವನು ಕೊಡಲಿಲ್ಲ. ಕೊಟ್ಟವನು ಹೆಸರು ಹೇಳುವ ಹಾಗಿಲ್ಲ. ರಾತ್ರಿ, ವೇಷ, ಕಾಣದ ಗಂಧರ್ವರ ಹೆದರಿಕೆ. ಮುಸುಕಿನ ಹೀರೋಗೆ ಬೇಕಾದ ಎಲ್ಲವೂ ಇಲ್ಲಿದೆ. ಓದುವಾಗ ನಾವು ಒಂದು ಕ್ಷಣವೂ ಕೀಚಕನ ಪರ ಇರುವುದಿಲ್ಲ. ನನ್ನ ಅಜ್ಜಿ ಈ ಭಾಗ ಕೇಳುವಾಗ ಸೆರಗು ಬಿಗಿಹಿಡಿದು ಕೂರುತ್ತಿದ್ದಳು. ಹಾಗಂತ ಊರಲ್ಲಿ ಯಾರೋ ಹತ್ತು ಜನ ಸೇರಿ ಯಾರನ್ನೋ ಹೊಡೆದರೆ ಅದು ಕೀಚಕವಧೆ ಆಗುವುದಿಲ್ಲ. ಭೀಮನ ಹಿಂದೆ ಸಭೆಯಲ್ಲಿ ಒದೆ ತಿಂದ ದ್ರೌಪದಿ ಇದ್ದಾಳೆ. ಕಾವ್ಯ ನಮಗೆ ಆ ಸಭೆಯನ್ನು ಮೊದಲು ತೋರಿಸುತ್ತದೆ, ರಾತ್ರಿಯನ್ನು ಆಮೇಲೆ. ಬೀದಿಯಲ್ಲಿ ನಾವು ಎಷ್ಟೋ ಸಲ ಏಟನ್ನು ಮಾತ್ರ ನೋಡುತ್ತೇವೆ, ಸಭೆ ನಮಗೆ ಕಾಣುವುದೇ ಇಲ್ಲ. ಅವಳಿಗೆ ಇಷ್ಟನ್ನು ಹೇಳಿದೆ. ಒಳ್ಳೆಯವನೋ ಕೆಟ್ಟವನೋ ಅನ್ನುವುದಕ್ಕೆ ಇದಕ್ಕಿಂತ ಸಣ್ಣ ಉತ್ತರ ನನ್ನಲ್ಲಿಲ್ಲ.

ಇನ್ನೊಂದು ಮಾತು. ನಮ್ಮ ಕಡೆಯ ವೀರಗಲ್ಲು ನೋಡಿ. ಕಳ್ಳರಿಂದ ದನ ಉಳಿಸಲು ಹೋಗಿ ಸತ್ತವನ ಮುಖ ಕಲ್ಲಿನ ಮೇಲೆ ತೆರೆದೇ ಇರುತ್ತದೆ. ಎಷ್ಟೋ ಕಲ್ಲುಗಳಲ್ಲಿ ಹೆಸರೂ ಇರುತ್ತದೆ. ಊರಿಗಾಗಿ ಹೊಡೆದಾಡಿದವನಿಗೆ ಮುಖ ಮುಚ್ಚುವ ಗರಜು ಇರಲಿಲ್ಲ. ಮುಸುಕು ಬೇಕಾಗುವುದು ಅಧಿಕಾರವೇ ತಪ್ಪಿತಸ್ಥರ ಜೊತೆ ಇದ್ದಾಗ. ಅಮೆರಿಕದಲ್ಲಿ ಮುಸುಕಿನ ಹೀರೋಗಳು ಸಾಲುಗಟ್ಟಿ ಬಂದದ್ದು 1930ರ ದಶಕದಲ್ಲಿ. ಕೆಲಸ ಇಲ್ಲದ ಕಾಲ, ನಗರಗಳಲ್ಲಿ ಗೂಂಡಾಗಳ ಗುಂಪುಗಳು ಬಲಿತಿದ್ದ ಕಾಲ. ‘ಶ್ಯಾಡೊ’ ಎಂಬ ದನಿ ರೇಡಿಯೊದಲ್ಲಿ ಮೊದಲು ಕೇಳಿದ್ದು 1930ರಲ್ಲಿ, ಅವನ ಪತ್ರಿಕೆ ಬಂದದ್ದು 1931ರಲ್ಲಿ. ಫ್ಯಾಂಟಮ್ 1936, ಬ್ಯಾಟ್‌ಮ್ಯಾನ್ 1939. ಕಪ್ಪು ಟೋಪಿ, ಗಂಭೀರ ದನಿ, ರೇಡಿಯೊ ಎಲ್ಲ ನೋಡಿದರೆ ಸಿಲ್ವರ್ ಶ್ರೌಡ್‌ನ ಹಿರಿಯಣ್ಣ ಶ್ಯಾಡೊ ಅಂತ ನನಗೆ ಅನಿಸುತ್ತದೆ.

ಫ್ಯಾಂಟಮ್ ನಮಗೆ ಜಾಸ್ತಿ ಹತ್ತಿರ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಅವನನ್ನು ಭಾರತದ ಮನೆಮನೆಗೆ ತಂದಿತು, ಕನ್ನಡದಲ್ಲೂ. ಅವನು ಸಾಯುವುದಿಲ್ಲ ಅಂತ ಕಾಡಿನ ಜನ ನಂಬುತ್ತಾರೆ. ನಿಜ ಏನೆಂದರೆ ಅಪ್ಪ ಸತ್ತ ಮೇಲೆ ಮಗ ಅದೇ ಬಟ್ಟೆ ತೊಡುತ್ತಾನೆ. ನಾವು ಓದಿದವನು 21ನೆಯವನು. ಮುಸುಕು ಒಬ್ಬನ ಮುಖ ಮುಚ್ಚುವಾಗಲೇ ಇನ್ನೊಬ್ಬನಿಗೆ ಜಾಗ ಮಾಡಿಕೊಡುತ್ತದೆ. ನಮ್ಮ ದೊಡ್ಡಾಟದ ಕಿರೀಟ, ಭುಜಕೀರ್ತಿಯೂ ಹಾಗೇ ಅಲ್ವಾ? ಈ ವರ್ಷ ಒಬ್ಬ, ಮುಂದಿನ ವರ್ಷ ಇನ್ನೊಬ್ಬ. ಕಟ್ಟಿದವನು ಬೆಳಗಿನ ತನಕ ಭೀಮ.

ಸಿಲ್ವರ್ ಶ್ರೌಡ್ ಈ ಮಾತನ್ನು ಇನ್ನೂ ಮುಂದಕ್ಕೆ ಒಯ್ಯುತ್ತಾನೆ. ಯಾಕೆಂದರೆ ಅವನಿಗೆ ಮೊದಲನೆಯವನೇ ಇಲ್ಲ. ರೇಡಿಯೊದಲ್ಲಿ ಇದ್ದದ್ದು ಒಬ್ಬ ನಟನ ದನಿ. ದನಿಗೆ ಮುಖ ಎಲ್ಲಿರುತ್ತದೆ? ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಅದರ ನಾಟಕ ಕೇಳಿ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತು. ಪಾತ್ರದ ಮೂಗು, ಮೀಸೆ ಎಲ್ಲ ನಾವೇ ಬರೆದುಕೊಳ್ಳುತ್ತಿದ್ದೆವು. ನನ್ನ ತಲೆಯಲ್ಲಿ ಇದ್ದವನೇ ಬೇರೆ, ಪಕ್ಕದಲ್ಲಿ ಕೂತ ಅಣ್ಣನ ತಲೆಯಲ್ಲಿ ಇದ್ದವನೇ ಬೇರೆ.

ಆಟದಲ್ಲಿ ಕೆಂಟ್ ಕಾನಲಿ ಅಂತ ಒಬ್ಬ ಇದ್ದಾನೆ. ನನಗೆ ಬಹಳ ಇಷ್ಟವಾದ ಪಾತ್ರ. ಆ ಲೋಕದಲ್ಲಿ ಅವನಂಥವರನ್ನು ಗೂಲ್ ಅನ್ನುತ್ತಾರೆ. ವಿಕಿರಣದಿಂದ ಚರ್ಮ ಸುಟ್ಟಿದೆ, ಆದರೆ ಆಯಸ್ಸು ಮುಗಿಯುವುದಿಲ್ಲ. ಯುದ್ಧಕ್ಕೂ ಮುಂಚಿನವನು ಅವನು. ಗುಡ್‌ನೇಬರ್ ಎಂಬ ಪುಂಡರ ಊರಿನಲ್ಲಿ, ಹಳೆಯ ನೆನಪುಗಳನ್ನು ಮತ್ತೆ ತೋರಿಸುವ ಒಂದು ಮನೆಯಲ್ಲಿ ಕೂತಿರುತ್ತಾನೆ. ಅಲ್ಲಿಂದ ಸಿಲ್ವರ್ ಶ್ರೌಡ್‌ನ ಹಳೆಯ ಕಂತುಗಳನ್ನು ರೇಡಿಯೊದಲ್ಲಿ ಬಿತ್ತರಿಸುತ್ತಾನೆ. ಎರಡು ನೂರು ವರ್ಷ ಕಳೆದಿದೆ, ಕೇಳುವವರು ಎಷ್ಟು ಜನ ಇದ್ದಾರೋ. ಆದರೂ ನಿಲ್ಲಿಸಿಲ್ಲ. ತಾನು ಗಟ್ಟಿಗನಲ್ಲ ಅಂತ ಅವನಿಗೆ ಗೊತ್ತು. ಅದಕ್ಕೇ ಆಡುವವರನ್ನು ಕೇಳುತ್ತಾನೆ: ಆ ಕಾಮಿಕ್ಸ್ ಕಂಪನಿಯ ಪಾಳುಬಿದ್ದ ಕಟ್ಟಡದಿಂದ ವೇಷ ತಂದು ನೀವು ಹಾಕಿಕೊಳ್ಳಿ. ಪುಂಡರ ಸುದ್ದಿಯನ್ನು ಅವನು ರೇಡಿಯೊದಲ್ಲಿ ಹೇಳುತ್ತಾನೆ. ಕೋಟು ತೊಟ್ಟವರು ಹೋಗಿ ಎದುರಿಸಬೇಕು, ಹೆಣದ ಮೇಲೆ ಚೀಟಿ ಇಡಬೇಕು. ಕೊನೆಗೆ ಸಿಂಜಿನ್ ಎಂಬ ಕ್ರೂರಿ ಕೆಂಟ್‌ನನ್ನೇ ಹಿಡಿದುಕೊಂಡು ಹೋಗುತ್ತಾನೆ. ಕಾಮಿಕ್ಸಿನ ಹುಡುಗಾಟ ಅಲ್ಲಿಗೆ ಮುಗಿಯುತ್ತದೆ. ಕೆಂಟ್ ಉಳಿಯಬಹುದು, ಸಾಯಲೂಬಹುದು. ಹುಡುಗಿ ಎರಡು ಸಲ ಸೋತು ಮೂರನೆಯ ಸಲ ಉಳಿಸಿದಳು.

ಈಗ ಹೆಸರಿಗೆ ಬರೋಣ. ಶ್ರೌಡ್ ಅನ್ನುವ ಪದ ಹಳೆಯ ಇಂಗ್ಲಿಷಿನಲ್ಲಿ ಬರೀ ಉಡುಪು ಅನ್ನುವ ಅರ್ಥದಲ್ಲಿತ್ತು. ಹೆಣದ ಬಟ್ಟೆ ಅನ್ನುವುದು 16ನೇ ಶತಮಾನದಲ್ಲಿ ಸೇರಿದ ಅರ್ಥ. ಮರೆಮಾಡುವ ಹೊದಿಕೆ ಅನ್ನುವುದೂ ಇದೆ. ಹೀರೋ ತನ್ನನ್ನು ಸಾವಿನ ಮುಸುಕು ಅಂತ ಕರೆದುಕೊಳ್ಳುತ್ತಾನೆ. ಅಂದರೆ ಉಡುಪು, ಮರೆ, ಸಾವು ಮೂರೂ ಬೇಕು. ‘ಬೆಳ್ಳಿ ಕಫನ್’ ಅಂದರೆ ಸಾವು ಉಳಿಯುತ್ತದೆ, ವೇಷ ಹೋಗುತ್ತದೆ. ‘ಸೋಗು’ ಒಳ್ಳೆಯ ಪದ, ಆದರೆ ಸೋಗಲಾಡಿ ನೆನಪಾಗಿ ಮೋಸದ ವಾಸನೆ ಬರುತ್ತದೆ. ‘ಮುಸುಕು’ ನನಗೆ ಸರಿ ಅನಿಸಿತು. ತಲೆ ತುಂಬ ಮುಸುಕು ಹಾಕಿ ಮಲಗುತ್ತೇವೆ, ಮುಸುಕಿನೊಳಗೆ ಗುದ್ದಾಡುತ್ತೇವೆ, ಮುಸ್ಸಂಜೆ ಮುಸುಕುತ್ತದೆ. ಮೈಸೂರು ಕಡೆಯವರು ಮುಸುಕಿನ ಜೋಳ ಅನ್ನುವುದನ್ನು ನಾವು ಹಾವೇರಿಯಲ್ಲಿ ಗೋವಿನಜೋಳ ಅಂದರೂ ಆ ಪದ ನಮಗೆ ಪರಕೀಯ ಅಲ್ಲ.

‘ಬೆಳ್ಳಿ ಮುಸುಕಿನವ’ ಅಂತ ಬರೆದು ತೋರಿಸಿದೆ. ಅವಳು ಒಪ್ಪಲಿಲ್ಲ. ಆಟದಲ್ಲಿ ಅವಳು ಆರಿಸಿಕೊಂಡದ್ದು ಹೆಣ್ಣುಪಾತ್ರ. ಕೋಟು ತೊಟ್ಟವಳು ಅವಳು, ಕೆಂಟ್‌ನನ್ನು ಉಳಿಸಿದವಳೂ ಅವಳು. “ಇಂವ ಅಂದ್ರ ಹೆಂಗ?” ಸರಿಯಾದ ಮಾತು. ಭೀಮ ಕೂಡ ಅವತ್ತು ಹೆಣ್ಣಾಗಿಯೇ ಕೂತಿದ್ದ. ಕೊನೆಯ ‘ಇನವ’ ಅನ್ನುವುದನ್ನು ಹೊಡೆದು ಹಾಕಿದೆವು. ಈಗ ನಮ್ಮ ಮನೆಯಲ್ಲಿ ಅದು ಬರೀ ‘ಬೆಳ್ಳಿ ಮುಸುಕು’. ಬೆಳ್ಳಿ ಮುಸುಕು ಬಂತು, ಬೆಳ್ಳಿ ಮುಸುಕು ಹೋಯಿತು ಅಂತಲೇ ಹೇಳುತ್ತೇವೆ.