ಕನ್‌ಸ್ಟ್ರಕ್ಟರ್, ಡಿಸ್ಟ್ರಕ್ಟರ್: ಆಬ್ಜೆಕ್ಟ್ ಹುಟ್ಟುವುದು ಹೇಗೆ, ಸಾಯುವುದು ಯಾವಾಗ?

ಕನ್‌ಸ್ಟ್ರಕ್ಟರ್ ಅಂದ್ರೆ ಏನು ಎಂದು ಯಾವುದೇ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು ಕೇಳಿ. (ಪ್ರೋಗ್ರಾಮಿಂಗ್‌ನಲ್ಲಿ ಕ್ಲಾಸ್ ಅಂದ್ರೆ ನಕ್ಷೆ, ಆ ನಕ್ಷೆಯಂತೆ ಮೆಮೊರಿಯಲ್ಲಿ ಕಟ್ಟಿದ್ದು ಆಬ್ಜೆಕ್ಟ್.) "ಕ್ಲಾಸ್‌ನ ಹೆಸರನ್ನೇ ಇಟ್ಟುಕೊಂಡ, ರಿಟರ್ನ್ ಟೈಪ್ ಇಲ್ಲದ ಫಂಕ್ಷನ್" ಎಂಬ ಉತ್ತರ ತಟ್ಟನೆ ಬರುತ್ತದೆ. ಬಾಯಿಪಾಠವೇನೋ ಸರಿಯಾಗಿದೆ. ಆದರೆ ಅದನ್ನು ಬರೆಯುವ ರೀತಿ ಹೇಳಿದ್ದಾಯ್ತು, ಅದು ಯಾಕೆ ಬೇಕು ಅಂತ ಹೇಳಲಿಲ್ಲ.

ಆಬ್ಜೆಕ್ಟ್ ಮಾಡಲು 'ನ್ಯೂ' ಎಂದು ಬರೆದಾಗ ಎರಡು ಕೆಲಸ ನಡೆಯುತ್ತವೆ. ಮೊದಲು ಆಬ್ಜೆಕ್ಟ್‌ಗೆ ಬೇಕಾದಷ್ಟು ಮೆಮೊರಿ ಸಿಗುತ್ತದೆ. ಆಮೇಲೆ ಕನ್‌ಸ್ಟ್ರಕ್ಟರ್ ಓಡುತ್ತದೆ. ಇವೆರಡರ ನಡುವೆ ಇರುವುದು ಆಬ್ಜೆಕ್ಟ್ ಅಲ್ಲ, ಬರೀ ಜಾಗ. ಬ್ಯಾಂಕ್ ಖಾತೆಗೆ ಒಂದು ಕ್ಲಾಸ್ ಇದೆ ಅಂದುಕೊಳ್ಳಿ: ಖಾತೆ ನಂಬರ್, ಬ್ಯಾಲೆನ್ಸ್. ಸಿ ಭಾಷೆಯಲ್ಲಿ ಫಂಕ್ಷನ್ ಒಳಗೆ ಇಂಥದ್ದೇ ಒಂದು ಸ್ಟ್ರಕ್ಟ್ (ಒಟ್ಟಿಗೆ ಇಟ್ಟ ಮಾಹಿತಿಯ ಗುಂಪು) ಇಟ್ಟರೆ ಬ್ಯಾಲೆನ್ಸ್ ಸೊನ್ನೆ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಆ ಜಾಗದಲ್ಲಿ ಮೊದಲೇ ಉಳಿದಿದ್ದ ಯಾವುದೋ ಅಂಕಿ ಇರಬಹುದು. ಅದಕ್ಕೇ ಸಿ ಬರೆಯುವವರು 'ಇನಿಟ್' ಅಂತ ಒಂದು ಫಂಕ್ಷನ್ ಬರೆದಿಟ್ಟು, ಎಲ್ಲರೂ ಮರೆಯದೆ ಕರೆಯಲಿ ಎಂದು ಕಾಯುತ್ತಾರೆ. ಹತ್ತು ಕಡೆ ಕರೆದವರು ಹನ್ನೊಂದನೇ ಕಡೆ ಮರೆಯುತ್ತಾರೆ. ಕನ್‌ಸ್ಟ್ರಕ್ಟರ್ ಇದ್ದರೆ ಮರೆಯಲು ಅವಕಾಶವೇ ಇಲ್ಲ. ಅದು ಮುಗಿದರೆ ಆಬ್ಜೆಕ್ಟ್ ಬಳಕೆಗೆ ರೆಡಿ. ನಡುವೆ ಎಕ್ಸೆಪ್ಶನ್ (ಕೆಲಸ ಮುಂದುವರಿಸಲಾಗದ ತಪ್ಪಿನ ಸೂಚನೆ) ಬಂದು ನಿಂತರೆ ಆಬ್ಜೆಕ್ಟ್ ಹುಟ್ಟಲೇ ಇಲ್ಲ ಎಂದು ಲೆಕ್ಕ.

ಈ 'ನ್ಯೂ' ಹೊಸದೇನಲ್ಲ. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ರೂಪಿಸಿದ ಸಿಮ್ಯುಲಾ 67 ಭಾಷೆಯಲ್ಲೇ ಅದು ಇತ್ತು. ಅಲ್ಲಿ ಸತ್ತ ಆಬ್ಜೆಕ್ಟ್‌ಗಳನ್ನು ಗುಡಿಸಲು ಗಾರ್ಬೇಜ್ ಕಲೆಕ್ಟರ್ ಕೂಡ ಇತ್ತು. ಡಿಸ್ಟ್ರಕ್ಟರ್ ಬಂದಿದ್ದು ಆಮೇಲೆ. 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ 'ಸಿ ವಿತ್ ಕ್ಲಾಸಸ್' ಶುರು ಮಾಡಿದರು. ಅದೇ ಮುಂದೆ ಸಿ ಪ್ಲಸ್ ಪ್ಲಸ್ ಆಯಿತು.

ಡಿಸ್ಟ್ರಕ್ಟರ್ ಆಬ್ಜೆಕ್ಟನ್ನು ಕೊಲ್ಲುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬಾಡಿಗೆ ಮನೆ ಬಿಡುವ ದಿನ ಕರೆಂಟ್ ಬಿಲ್ ಕಟ್ಟಿ, ಗ್ಯಾಸ್ ಆಫ್ ಮಾಡಿ, ಬೀಗದ ಕೈ ಓನರ್‌ಗೆ ಕೊಟ್ಟು ಬರುತ್ತೇವಲ್ಲ, ಡಿಸ್ಟ್ರಕ್ಟರ್ ಮಾಡುವುದು ಆ ಕೆಲಸ. ತೆರೆದ ಫೈಲ್ ಮುಚ್ಚುವುದು, ಹಿಡಿದ ಲಾಕ್ ಬಿಡುವುದು, ಡೇಟಾಬೇಸ್ ಕನೆಕ್ಷನ್ ವಾಪಸ್ ಕೊಡುವುದು. ಆಬ್ಜೆಕ್ಟ್ ಕೂತಿದ್ದ ಮೆಮೊರಿ ವಾಪಸ್ ಹೋಗುವುದು ಅದಾದ ಮೇಲಿನ ಮಾತು.

ಸಿ ಪ್ಲಸ್ ಪ್ಲಸ್‌ನ ನಿಜವಾದ ಚೆಂದ ಇರುವುದು ಇದು ಯಾವಾಗ ನಡೆಯುತ್ತದೆ ಅನ್ನುವುದರಲ್ಲಿ. ಫಂಕ್ಷನ್ ಒಳಗೆ ಮಾಡಿದ ಲೋಕಲ್ ಆಬ್ಜೆಕ್ಟ್, ಆ ಬ್ಲಾಕ್‌ನ ಮುಚ್ಚುವ ಬ್ರ್ಯಾಕೆಟ್ ಬಂದ ಕೂಡಲೇ ಸಾಯುತ್ತದೆ. ಮುಂಚೆಯೂ ಅಲ್ಲ, ಆಮೇಲೂ ಅಲ್ಲ. ನಡುವೆ ನಾಲ್ಕು ಕಡೆ ರಿಟರ್ನ್ ಇರಲಿ, ಎಕ್ಸೆಪ್ಶನ್ ಎದ್ದು ಅದನ್ನು ಮೇಲೆ ಯಾರೋ ಹಿಡಿಯಲಿ, ಡಿಸ್ಟ್ರಕ್ಟರ್ ಓಡಿಯೇ ಓಡುತ್ತದೆ. ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರೇ ಬಳಸುವಂತೆ ಮಾಡುವ ಲಾಕ್) ಹಿಡಿಯಲು 'ಲಾಕ್ ಗಾರ್ಡ್' ಬಳಸಿದವರಿಗೆ ಇದು ಗೊತ್ತು: ಮೇಲೆ ಒಂದು ಸಾಲು ಬರೆದರೆ ಮುಗಿಯಿತು, ಬಿಡುವ ಸಾಲನ್ನು ಬರೆಯುವುದೇ ಇಲ್ಲ. ಈ ಪದ್ಧತಿಗೆ ಆರ್‌ಎಐಐ (ರಿಸೋರ್ಸ್ ಅಕ್ವಿಸಿಷನ್ ಈಸ್ ಇನಿಶಿಯಲೈಸೇಶನ್) ಅಂತ ಒಂದು ಹೆಸರಿದೆ. ಬಾಯಲ್ಲಿ ಹೇಳಲೂ ಕಷ್ಟ, ಅರ್ಥವೂ ಬೇಗ ಹೊಳೆಯದ ಹೆಸರು. ಆದರೆ ಆ ಭಾಷೆ ಪ್ರೋಗ್ರಾಮಿಂಗ್‌ಗೆ ಕೊಟ್ಟ ಅತಿ ಒಳ್ಳೆಯ ಐಡಿಯಾ ಇದೇ ಅನ್ನುವುದು ನನ್ನ ಅಭಿಪ್ರಾಯ.

ಕ್ರಮಕ್ಕೂ ಒಂದು ನಿಯಮ ಇದೆ. ಹುಟ್ಟುವಾಗ ಮೊದಲು ಬೇಸ್ ಕ್ಲಾಸ್ (ನಮ್ಮ ಕ್ಲಾಸ್ ಯಾವುದರ ಮೇಲೆ ಕಟ್ಟಿದೆಯೋ ಅದು), ಆಮೇಲೆ ಮೆಂಬರ್‌ಗಳು (ಕ್ಲಾಸ್‌ನ ಒಳಗಿನ ವೇರಿಯಬಲ್‌ಗಳು), ಕೊನೆಗೆ ನಮ್ಮ ಕನ್‌ಸ್ಟ್ರಕ್ಟರ್ ಬಾಡಿ. ಸಾಯುವಾಗ ಇದೆಲ್ಲ ಉಲ್ಟಾ. ಇಲ್ಲೊಂದು ಹೊಂಡ ಇದೆ. ಮೆಂಬರ್‌ಗಳು ಹುಟ್ಟುವುದು ಕ್ಲಾಸ್‌ನಲ್ಲಿ ಅವನ್ನು ಬರೆದ ಕ್ರಮದಲ್ಲಿ, ಇನಿಶಿಯಲೈಸರ್ ಲಿಸ್ಟ್‌ನಲ್ಲಿ (ಮೆಂಬರ್‌ಗಳಿಗೆ ಮೊದಲ ಬೆಲೆ ಕೊಡುವ ಪಟ್ಟಿಯಲ್ಲಿ) ಬರೆದ ಕ್ರಮದಲ್ಲಿ ಅಲ್ಲ. ಕ್ಲಾಸ್‌ನಲ್ಲಿ ಮೊದಲು 'ಬಫರ್', ಆಮೇಲೆ 'ಉದ್ದ' ಎಂದು ಬರೆದಿದ್ದೀರಿ. ಲಿಸ್ಟ್‌ನಲ್ಲಿ ಮೊದಲು ಉದ್ದಕ್ಕೆ 100 ಕೊಟ್ಟು, ಆಮೇಲೆ ಆ ಉದ್ದದ ಬಫರ್ ಮಾಡಿದ್ದೀರಿ. ಓದಲು ಸರಿಯಾಗೇ ಕಾಣುತ್ತದೆ, ಅಲ್ವಾ? ಆದರೆ ಬಫರ್ ಹುಟ್ಟುವ ಹೊತ್ತಿಗೆ ಉದ್ದಕ್ಕೆ ಇನ್ನೂ ಬೆಲೆಯೇ ಬಂದಿಲ್ಲ. ಕಂಪೈಲರ್‌ನ ವಾರ್ನಿಂಗ್ ಆನ್ ಮಾಡಿಟ್ಟರೆ ಅದೇ ಹೇಳುತ್ತದೆ. ಓದಬೇಕಷ್ಟೆ.

ಇನ್ನೊಂದು ಹಳೇ ಬಲೆ: ಬೇಸ್ ಕ್ಲಾಸ್ ಪಾಯಿಂಟರ್ ಮೂಲಕ ಡಿರೈವ್ಡ್ (ಆ ಬೇಸ್ ಮೇಲೆ ಕಟ್ಟಿದ) ಕ್ಲಾಸ್‌ನ ಆಬ್ಜೆಕ್ಟನ್ನು ಡಿಲೀಟ್ ಮಾಡುವುದು. ಬೇಸ್‌ನ ಡಿಸ್ಟ್ರಕ್ಟರ್ ವರ್ಚುವಲ್ (ಆಬ್ಜೆಕ್ಟ್‌ನ ನಿಜವಾದ ಕ್ಲಾಸ್ ನೋಡಿ ಓಡುವಂಥದ್ದು) ಅಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಭಾಷೆ ಜವಾಬ್ದಾರಿಯನ್ನೇ ಹೊರುವುದಿಲ್ಲ.

ಈಗ ಜಾವಾ. ಅಲ್ಲಿ ಡಿಸ್ಟ್ರಕ್ಟರ್ ಇಲ್ಲ, ಗಾರ್ಬೇಜ್ ಕಲೆಕ್ಟರ್ ಇದೆ. ಜಾನ್ ಮೆಕಾರ್ತಿ ಲಿಸ್ಪ್ ಭಾಷೆಗೆಂದು ಅದನ್ನು ಯೋಚಿಸಿದ್ದು 1959ರ ಸುಮಾರಿಗೆ. ಯಾವ ದಾರಿಯಿಂದಲೂ ತಲುಪಲಾಗದ ಆಬ್ಜೆಕ್ಟ್‌ಗಳನ್ನು ಅದು ತನಗೆ ಬೇಕಾದಾಗ ಗುಡಿಸುತ್ತದೆ. ಮೆಮೊರಿ ಮಟ್ಟಿಗೆ ಇದು ದೊಡ್ಡ ನೆಮ್ಮದಿ. ಆದರೆ ಮೆಮೊರಿ ಒಂದೇ ವಿಷಯ ಅಲ್ಲವಲ್ಲ. ಒಂದು ಲೂಪ್‌ನಲ್ಲಿ ಸಾವಿರಾರು ಫೈಲ್ ತೆರೆದು ಮುಚ್ಚದೇ ಬಿಟ್ಟಿದ್ದೀರಿ ಅಂದುಕೊಳ್ಳಿ. ಆಬ್ಜೆಕ್ಟ್‌ಗಳು ಚಿಕ್ಕವು, ಮೆಮೊರಿ ಧಾರಾಳ ಇದೆ. ಹಾಗಾಗಿ ಕಲೆಕ್ಟರ್‌ಗೆ ಏಳುವ ಅವಸರವಿಲ್ಲ. ಆದರೆ ಒಂದು ಪ್ರೋಸೆಸ್ ಒಟ್ಟಿಗೆ ಎಷ್ಟು ಫೈಲ್ ತೆರೆದಿಡಬಹುದು ಎಂಬುದಕ್ಕೆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮಿತಿ ಇದೆ. ಮೆಮೊರಿ ಮುಕ್ಕಾಲು ಖಾಲಿ ಇರುವಾಗಲೇ 'ಟೂ ಮೆನಿ ಓಪನ್ ಫೈಲ್ಸ್' ಎಂದು ಪ್ರೋಗ್ರಾಮ್ ಕೈಚೆಲ್ಲುತ್ತದೆ.

ಇದಕ್ಕೆ ಜಾವಾ ಮೊದಲಿಗೆ ಕೊಟ್ಟ ಮದ್ದು 'ಫೈನಲೈಸ್', ಅಂದ್ರೆ ಆಬ್ಜೆಕ್ಟನ್ನು ಗುಡಿಸುವ ಮುಂಚೆ ಓಡಬೇಕಾದ ಮೆಥಡ್. ಅದು ಯಾವಾಗ ಓಡುತ್ತದೆ ಎಂದು ಹೇಳುವಂತಿಲ್ಲ. ಓಡದೆಯೂ ಇರಬಹುದು. ಅದರೊಳಗೆ 'ದಿಸ್' (ಅಂದ್ರೆ ಆ ಆಬ್ಜೆಕ್ಟನ್ನೇ) ಅನ್ನು ಒಂದು ಸ್ಟ್ಯಾಟಿಕ್ ವೇರಿಯಬಲ್‌ಗೆ ಹಾಕಿಬಿಟ್ಟರೆ ಸತ್ತ ಆಬ್ಜೆಕ್ಟ್ ಎದ್ದು ಕೂರುತ್ತದೆ! 2017ರ ಜಾವಾ 9ರಲ್ಲಿ ಇದನ್ನು ಬಳಸಬೇಡಿ ಎಂದರು. 2022ರ ಜಾವಾ 18ರಲ್ಲಿ ತೆಗೆದೇ ಹಾಕುತ್ತೇವೆ ಎಂದು ಗುರುತು ಹಾಕಿದರು. ಅಷ್ಟರಲ್ಲಿ 2011ರ ಜಾವಾ 7ರಲ್ಲಿ 'ಟ್ರೈ ವಿತ್ ರಿಸೋರ್ಸಸ್' ಬಂದಿತ್ತು. ಟ್ರೈ ಪಕ್ಕದ ಕಂಸದಲ್ಲಿ ಫೈಲ್ ತೆರೆದರೆ ಬ್ಲಾಕ್ ಮುಗಿದಾಗ ಅದು ತಾನೇ ಮುಚ್ಚುತ್ತದೆ. ಸುತ್ತಿ ಬಳಸಿ ಸಿ ಪ್ಲಸ್ ಪ್ಲಸ್‌ನ ಬ್ರ್ಯಾಕೆಟ್ ಹತ್ತಿರವೇ ಬಂದರು ನೋಡಿ.

ಪೈಥಾನ್ ನಡುವೆ ಎಲ್ಲೋ ನಿಂತಿದೆ. ಅಲ್ಲಿ ಕನ್‌ಸ್ಟ್ರಕ್ಟರ್ ಎಂದು ಹೇಳುವ 'ಇನಿಟ್' ಆಬ್ಜೆಕ್ಟ್ ಮಾಡುವುದಿಲ್ಲ, 'ನ್ಯೂ' ಎಂಬ ಮೆಥಡ್ ಮಾಡಿಕೊಟ್ಟದ್ದನ್ನು ತುಂಬಿಸುತ್ತದೆ. 'ಡೆಲ್' ಸ್ಟೇಟ್‌ಮೆಂಟ್ ಕೂಡ ಆಬ್ಜೆಕ್ಟನ್ನು ಅಳಿಸುವುದಿಲ್ಲ, ಆ ಹೆಸರನ್ನಷ್ಟೇ ಅಳಿಸುತ್ತದೆ. ನಾವೆಲ್ಲ ಸಾಮಾನ್ಯವಾಗಿ ಬಳಸುವ ಸಿಪೈಥಾನ್‌ನಲ್ಲಿ ಪ್ರತಿ ಆಬ್ಜೆಕ್ಟ್‌ಗೂ ಅದನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆ ಎಂಬ ಲೆಕ್ಕ ಇರುತ್ತದೆ. ಲೆಕ್ಕ ಸೊನ್ನೆ ಆದ ತಕ್ಷಣ ಅದು ಹೋಗುತ್ತದೆ. ಎರಡು ಆಬ್ಜೆಕ್ಟ್‌ಗಳು ಒಂದನ್ನೊಂದು ಹಿಡಿದು ಕೂತರೆ ಮಾತ್ರ ಲೆಕ್ಕ ಸೊನ್ನೆಗೆ ಇಳಿಯುವುದೇ ಇಲ್ಲ. ಅಂಥ ಸುತ್ತುಗಳನ್ನು ಹುಡುಕಿ ತೆಗೆಯಲು ಬೇರೆ ಕಲೆಕ್ಟರ್ ಇದೆ.

ಈ ಲೆಕ್ಕವನ್ನು ನಂಬಿಕೊಂಡು ಸುಮ್ನೆ ಫೈಲ್ ತೆರೆದು ಬಿಟ್ಟುಬಿಡುವ ಅಭ್ಯಾಸ ಪೈಥಾನ್‌ನವರಲ್ಲಿ ತುಂಬ ಇದೆ. ಸಿಪೈಥಾನ್‌ನಲ್ಲಿ ಸಾಮಾನ್ಯವಾಗಿ ನಡೆದುಹೋಗುತ್ತದೆ. ಅದೇ ಕೋಡನ್ನು ಪೈಪೈ (ಪೈಥಾನ್ ಓಡಿಸುವ ಇನ್ನೊಂದು ಪ್ರೋಗ್ರಾಮ್) ಮೇಲೆ ಓಡಿಸಿ: ಅಲ್ಲಿ ಈ ಲೆಕ್ಕದ ಪದ್ಧತಿಯೇ ಇಲ್ಲ, ಫೈಲ್‌ಗಳು ತೆರೆದೇ ಉಳಿಯುತ್ತವೆ, ಬರೆದ ಸಾಲುಗಳು ಡಿಸ್ಕ್‌ಗೆ ಹೋಗುವುದೂ ತಡವಾಗಬಹುದು. ಮುಗಿದಾಗ ಫೈಲ್ ಮುಚ್ಚುವ 'ವಿತ್' ಬ್ಲಾಕ್ ಒಳಗೆ ತೆರೆದಿದ್ದರೆ ಎರಡರಲ್ಲೂ ಒಂದೇ ಫಲಿತಾಂಶ ಬರುತ್ತದೆ.