ಫ್ಯಾನ್ ತಿರುಗುತ್ತಿದೆ, ಆದರೂ ಲ್ಯಾಪ್‌ಟಾಪ್ ಬಿಸಿ ಯಾಕೆ?

ಮಾರ್ಚ್ ಬಂತೆಂದರೆ ಮಂಗಳೂರಿನ ನಮ್ಮ ಸರ್ವೀಸ್ ಅಂಗಡಿಯಲ್ಲಿ ಒಂದೇ ದೂರು. "ಲ್ಯಾಪ್‌ಟಾಪ್ ವಿಪರೀತ ಬಿಸಿ ಆಗ್ತದೆ ಸರ್. ಫ್ಯಾನ್ ತಿರುಗ್ತಾ ಉಂಟು, ಶಬ್ದ ಕೇಳ್ತದೆ. ಆದ್ರೂ ಅರ್ಧ ಗಂಟೆಯಲ್ಲಿ ತನ್ನಷ್ಟಕ್ಕೆ ಆಫ್ ಆಗ್ತದೆ." ಸುರತ್ಕಲ್‌ನ ಹಾಸ್ಟೆಲ್ ಹುಡುಗರು, ದೇರಳಕಟ್ಟೆಯ ಮೆಡಿಕಲ್ ವಿದ್ಯಾರ್ಥಿಗಳು, ಮದುವೆ ವಿಡಿಯೊ ಎಡಿಟ್ ಮಾಡುವವರು, ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು, ಎಲ್ಲರದ್ದೂ ಇದೇ ಮಾತು. ಫ್ಯಾನ್ ಹೋಗಿದೆ ಅಂದುಕೊಂಡೇ ಹೆಚ್ಚಿನವರು ಬರುತ್ತಾರೆ. ಫ್ಯಾನ್ ನಿಜವಾಗಿ ಹೋಗಿರುವುದು ಕಡಿಮೆ. ಅದು ಊದಿದ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಅಷ್ಟೇ.

ಒಳಗೆ ಏನಿದೆ ಅಂತ ಒಮ್ಮೆ ತಿಳಿದರೆ ಅರ್ಧ ಗೊಂದಲ ಮುಗಿಯುತ್ತದೆ. ಪ್ರೊಸೆಸರ್ ಚಿಪ್ಪಿನ ಮೇಲೆ ತೆಳುವಾಗಿ ಥರ್ಮಲ್ ಪೇಸ್ಟ್, ಅಂದರೆ ಬಿಸಿಯನ್ನು ದಾಟಿಸುವ ಲೇಪ, ಹಚ್ಚಿರುತ್ತಾರೆ. ಅದರ ಮೇಲೆ ತಾಮ್ರದ ತಟ್ಟೆ ಕೂತಿರುತ್ತದೆ. ಆ ತಟ್ಟೆಯಿಂದ ಒಂದೋ ಎರಡೋ ಚಪ್ಪಟೆ ತಾಮ್ರದ ಕೊಳವೆಗಳು ಹೊರಡುತ್ತವೆ. ಇವೇ ಹೀಟ್ ಪೈಪ್. ನೋಡಲು ಗಟ್ಟಿ ತಾಮ್ರದ ಹಾಗೆ ಕಂಡರೂ ಒಳಗೆ ಟೊಳ್ಳು. ಗಾಳಿ ತೆಗೆದು, ಚೂರೇ ಚೂರು ನೀರು ಹಾಕಿ, ಎರಡೂ ತುದಿ ಮುಚ್ಚಿರುತ್ತಾರೆ. ಒಳಗೆ ಒತ್ತಡ ಕಡಿಮೆ ಇರುವುದರಿಂದ ಆ ನೀರು ಕುದಿಯಲು 100 ಡಿಗ್ರಿ ಬೇಕಾಗಿಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಆವಿಯಾಗುತ್ತದೆ. ಆವಿ ತಂಪು ತುದಿಗೆ ಓಡುತ್ತದೆ. ಅಲ್ಲಿ ಬಿಸಿ ಬಿಟ್ಟು ಮತ್ತೆ ನೀರಾಗಿ, ಒಳಗೋಡೆಯ ಸಣ್ಣ ರಂಧ್ರಗಳ ಪದರ ಹಿಡಿದುಕೊಂಡು ಚಿಪ್ಪಿನ ಕಡೆಗೆ ವಾಪಸ್ ಬರುತ್ತದೆ. ಯಾವ ಮೋಟರೂ ಇಲ್ಲದೆ ಇದು ದಿನವಿಡೀ ನಡೆಯುತ್ತದೆ. ಈ ಕೊಳವೆಯನ್ನು ಬಗ್ಗಿಸಿದರೆ, ಜಜ್ಜಿದರೆ ಕತೆ ಮುಗಿಯಿತು.

ತಂಪು ತುದಿಯಲ್ಲಿ ತೆಳು ತಗಡುಗಳ ಒತ್ತಾದ ಸಾಲು ಇರುತ್ತದೆ. ನಾವು ಫಿನ್ಸ್ ಅನ್ನುತ್ತೇವೆ. ಒಂದು ತಗಡಿಗೂ ಇನ್ನೊಂದಕ್ಕೂ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದಿ. ಫ್ಯಾನ್ ಕೆಳಗಿನಿಂದ ಗಾಳಿ ಎಳೆದುಕೊಂಡು ಈ ಸಂದಿಗಳಲ್ಲಿ ತೂರಿಸಿ ಪಕ್ಕಕ್ಕೋ ಹಿಂದಕ್ಕೋ ತಳ್ಳುತ್ತದೆ. ಧೂಳು ಬಂದು ನಿಲ್ಲುವುದು ಫಿನ್ಸ್‌ನ ಒಳಮುಖದಲ್ಲಿ, ಅಂದರೆ ಫ್ಯಾನ್ ಕಡೆಗಿರುವ ಬದಿಯಲ್ಲಿ. ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ತಾಮ್ರ ಫಳಫಳ ಹೊಳೆಯುತ್ತಿರುತ್ತದೆ. "ನೋಡಿ, ಒಳಗೆ ಕ್ಲೀನ್ ಉಂಟಲ್ಲ" ಅನ್ನುತ್ತಾರೆ. ಆ ಹೊಳಪಿನ ಹಿಂದೆಯೇ ಎಲ್ಲ ಕಸ ಕೂತಿರುತ್ತದೆ.

ಬಿಸಿ ಎಷ್ಟಾದರೆ ಜಾಸ್ತಿ? ಕೈಯಿಂದ ಮುಟ್ಟಿ ಹೇಳುವ ವಿಷಯ ಅಲ್ಲ ಇದು. ಎಚ್‌ಡಬ್ಲ್ಯುಇನ್ಫೊ (HWiNFO) ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಪ್ರೊಸೆಸರಿನ ತಾಪ ಡಿಗ್ರಿ ಲೆಕ್ಕದಲ್ಲಿ ಕಾಣುತ್ತದೆ. ಗೇಮ್ ಆಡುವಾಗ, ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ 85, 90 ಕಂಡರೆ ಗಾಬರಿ ಬೇಡ. ಇವತ್ತಿನ ಲ್ಯಾಪ್‌ಟಾಪ್ ಚಿಪ್‌ಗಳು ಅಷ್ಟಕ್ಕೆ ತಯಾರಾಗಿಯೇ ಇರುತ್ತವೆ. ಸುಮ್ನೆ ಬ್ರೌಸರಿನಲ್ಲಿ ಎರಡು ಟ್ಯಾಬ್ ತೆರೆದಿಟ್ಟಾಗಲೇ 80 ದಾಟುತ್ತಿದ್ದರೆ ಏನೋ ತೊಂದರೆ ಇದೆ ಅಂತ ಅರ್ಥ. 95, 100ರ ಹತ್ತಿರ ಹೋದಾಗ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಆಗ ನಿಮಗೆ ಅನಿಸುವುದು "ಲ್ಯಾಪ್‌ಟಾಪ್ ಹಳತಾಯ್ತು, ಸ್ಲೋ ಆಯ್ತು" ಅಂತ. ರ‍್ಯಾಮ್ ಹಾಕಿಸಲು ಬಂದ ಎಷ್ಟೋ ಜನರ ಯಂತ್ರಕ್ಕೆ ಬೇಕಾಗಿದ್ದದ್ದು ಬ್ರಷ್ ಮಾತ್ರ. ವೇಗ ಇಳಿಸಿದರೂ ಬಿಸಿ ಇಳಿಯದಿದ್ದರೆ ಕೊನೆಗೆ ಪೂರ್ತಿ ಆಫ್ ಆಗುತ್ತದೆ.

ಬಿಚ್ಚುವ ಮೊದಲು, ಯಾವ ಪ್ರೋಗ್ರಾಂ ಎಷ್ಟು ದುಡಿಸುತ್ತಿದೆ ಅಂತ ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಒಮ್ಮೆ ತೆರೆದು ನೋಡಿ. ಯಾವುದೋ ಅಪ್‌ಡೇಟೋ, ವೈರಸ್ ಸ್ಕ್ಯಾನೋ ಹಿಂದೆ ಕೂತು ಪ್ರೊಸೆಸರನ್ನು ಪೂರ್ತಿ ದುಡಿಸುತ್ತಿದ್ದರೆ ಎಷ್ಟು ಕ್ಲೀನ್ ಮಾಡಿದರೂ ಬಿಸಿ ಆಗುವುದೇ.

ಇನ್ನು ನಮ್ಮ ಊರಿನ ಹವೆ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾಗುವುದಿಲ್ಲ. ಕೋಣೆ 26 ಡಿಗ್ರಿಯಿಂದ 34ಕ್ಕೆ ಏರಿದರೆ ಒಳಗಿನ ತಾಪವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಳಿಗಾಲದಲ್ಲಿ ಹೇಗೋ ತಳ್ಳಿಕೊಂಡು ಹೋಗುತ್ತಿದ್ದ ಯಂತ್ರ ಏಪ್ರಿಲಿನಲ್ಲಿ ಕೈಕೊಡುವುದು ಇದಕ್ಕೇ. "ಇಲ್ಲಿ ಸೆಕೆ ಅಲ್ವಾ, ಅದಕ್ಕೆ ಬಿಸಿ" ಅಂತ ಕೆಲವರು ತೇವಾಂಶವನ್ನೂ ದೂರುತ್ತಾರೆ. ಅದು ಅಷ್ಟು ಸರಿ ಅಲ್ಲ. ಬೆವರು ಆರದೆ ನಮಗೆ ಹಿಂಸೆ ಆಗುತ್ತದೆ. ಲ್ಯಾಪ್‌ಟಾಪಿಗೆ ಬೆವರಿಲ್ಲ. ತೇವದ ಗಾಳಿಯೂ ಒಣ ಗಾಳಿಯಷ್ಟೇ ಬಿಸಿ ಹೊತ್ತೊಯ್ಯುತ್ತದೆ. ತೇವ ಕೆಡಿಸುವುದು ಬೇರೆ ರೀತಿಯಲ್ಲಿ: ಒಳಗಿನ ಧೂಳನ್ನು ಅಂಟು ಮಾಡುತ್ತದೆ.

ನಮ್ಮ ಕಡೆಯ ಧೂಳಿನಲ್ಲಿ ಏನೆಲ್ಲ ಇರುತ್ತದೆ ಅಂತ ಬೆಂಚಿನ ಮೇಲೆ ನೋಡಿದರೆ ಗೊತ್ತಾಗುತ್ತದೆ. ಮುರಕಲ್ಲಿನ ಕೆಂಪು ಪುಡಿ, ಹೊದಿಕೆಯ ನೂಲು, ತಲೆಕೂದಲು, ಬೆಕ್ಕಿನ ರೋಮ. ದೇವರ ಕೋಣೆಯ ಪಕ್ಕದಲ್ಲಿ ಇಟ್ಟ ಯಂತ್ರವಾದರೆ ಊದುಬತ್ತಿಯ ಹೊಗೆಯ ಜಿಡ್ಡು. ಅಡುಗೆಮನೆ ಹತ್ತಿರವಾದರೆ ಒಗ್ಗರಣೆಯ ಎಣ್ಣೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವಾಗ ಇದೆಲ್ಲ ತೇವ ಕುಡಿದು ಗಟ್ಟಿಯಾಗಿ ಕೂರುತ್ತದೆ. ಮಲ್ಪೆ, ಪಣಂಬೂರು, ಉಳ್ಳಾಲದಲ್ಲಿ ಕಡಲಿಗೆ ಹತ್ತಿರ ಮನೆ ಇರುವವರ ಯಂತ್ರಗಳಲ್ಲಿ ಉಪ್ಪೂ ಸೇರುತ್ತದೆ. ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಸ್ಕ್ರೂ ತುಕ್ಕು ಹಿಡಿಯುತ್ತದೆ, ತಾಮ್ರ ಅಲ್ಲಲ್ಲಿ ಹಸಿರಾಗುತ್ತದೆ. ಕ್ಲೀನಿಂಗಿಗೆ ಒಳ್ಳೆಯ ಸಮಯ ಯಾವುದು ಅಂತ ಕೇಳಿದರೆ ನಾನು ಫೆಬ್ರವರಿ ಅನ್ನುತ್ತೇನೆ. ಆಗ ಗಾಳಿ ಒಣ, ಧೂಳು ಬ್ರಷ್‌ಗೆ ಸಲೀಸಾಗಿ ಬಿಡುತ್ತದೆ. ಮುಂದೆ ಬರುವ ಸೆಕೆಗೆ ಯಂತ್ರ ತಯಾರಾಗಿರುತ್ತದೆ, ಮಳೆಗಾಲಕ್ಕೆ ನೆನೆಯಲು ಒಳಗೆ ಕಸವೂ ಅಷ್ಟಾಗಿ ಇರುವುದಿಲ್ಲ.

ಒಂದು ಕೆಲಸವನ್ನು ಮಾತ್ರ ಮಾಡಲೇಬೇಡಿ. ಪಂಕ್ಚರ್ ಅಂಗಡಿಗೆ ಹೋಗಿ ಟಯರಿಗೆ ಗಾಳಿ ಹಾಕುವ ಪೈಪಿನಿಂದ ಊದಿಸುವುದು. ಪುಕ್ಕಟೆ ಆಗುತ್ತದೆ, ಜೋರು ಗಾಳಿ ಬರುತ್ತದೆ, ನಿಜ. ಆದರೆ ನಮ್ಮಂಥ ತೇವದ ಊರಿನಲ್ಲಿ ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿದ್ದ ನೀರು ಟ್ಯಾಂಕಿನೊಳಗೆ ಇಳಿಯುತ್ತದೆ. ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸೇರಿರುತ್ತದೆ. ಆ ಪೈಪ್ ಹಿಡಿದರೆ ನೀರು, ಎಣ್ಣೆ ಎರಡೂ ನೇರವಾಗಿ ಮದರ್‌ಬೋರ್ಡಿಗೆ. ಅದೂ ಅಲ್ಲದೆ ಅಷ್ಟು ರಭಸದ ಗಾಳಿಗೆ ಫ್ಯಾನ್ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮನೆಯ ಸಣ್ಣ ಬ್ಲೋವರ್ ಆದರೂ ಅಷ್ಟೇ, ಫ್ಯಾನಿನ ಎಲೆಗಳನ್ನು ಬೆರಳಿನಿಂದಲೋ ಟೂತ್‌ಪಿಕ್‌ನಿಂದಲೋ ತಡೆಹಿಡಿದೇ ಊದಬೇಕು. ಮುಚ್ಚಳ ಬಿಚ್ಚದೆ ಹೊರಗಿನಿಂದ ಊದಿದರೆ ಕಸ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತದೆ. ಎರಡು ವಾರ ಸ್ವಲ್ಪ ಆರಾಮ ಅನಿಸೀತು, ಮತ್ತೆ ಅಲ್ಲಿಗೇ ಬಂದು ಕೂರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ, ಅದರ ಪ್ಲಾಸ್ಟಿಕ್ ತುದಿಯಲ್ಲಿ ಸ್ಟ್ಯಾಟಿಕ್ ವಿದ್ಯುತ್ ಸೇರುತ್ತದೆ, ಅದು ಚಿಪ್‌ಗಳನ್ನು ಕೆಡಿಸಬಹುದು.

ಹಾಗಾದರೆ ಸರಿಯಾದ ಕ್ರಮ ಏನು? ವಾರಂಟಿ ಇದ್ದರೆ ಮೊದಲು ಕಂಪನಿಯ ಸರ್ವೀಸ್ ಸೆಂಟರಿಗೆ ಒಂದು ಮಾತು ಕೇಳಿ. ಇಲ್ಲದಿದ್ದರೆ, ಕೈ ನಿಧಾನ ಇದ್ದರೆ, ನೀವೇ ಮಾಡಬಹುದು. ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿ. ಚಾರ್ಜರ್ ತೆಗೆಯಿರಿ. ಕೆಳಗಿನ ಸ್ಕ್ರೂಗಳನ್ನು ಬಿಚ್ಚುವಾಗ ಒಂದು ಕಾಗದದ ಮೇಲೆ ಲ್ಯಾಪ್‌ಟಾಪಿನ ಚೌಕ ಬರೆದು, ಯಾವ ಮೂಲೆಯದ್ದು ಎಲ್ಲಿ ಅಂತ ಅಲ್ಲಲ್ಲೇ ಇಡಿ. ಎಲ್ಲದರ ಉದ್ದ ಒಂದೇ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿ, ಮೇಲಿನ ಕೀಬೋರ್ಡಿನ ಹತ್ತಿರ ಉಬ್ಬು ಎದ್ದ ಯಂತ್ರಗಳು ನಮ್ಮಲ್ಲಿಗೆ ಬರುತ್ತಿರುತ್ತವೆ. ಕೆಲವು ಮಾಡೆಲ್‌ಗಳಲ್ಲಿ ರಬ್ಬರ್ ಕಾಲಿನ ಅಡಿಯಲ್ಲೂ ಸ್ಕ್ರೂ ಅಡಗಿರುತ್ತದೆ. ಮುಚ್ಚಳ ಏಳುತ್ತಿಲ್ಲ ಅಂತ ಜೋರು ಮಾಡುವ ಮೊದಲು ಅಲ್ಲಿ ನೋಡಿ.

ಮುಚ್ಚಳ ಎದ್ದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಮಿಕ್ಕ ಕೆಲಸ ಎಲ್ಲ ಆಮೇಲೆ. ಬ್ಯಾಟರಿ ಉಬ್ಬಿದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ. ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೆ ಇಡಬೇಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಬಿಚ್ಚುವ ಮೊದಲೇ ಈ ಸಂಶಯ ಬರಬೇಕು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಲಿಥಿಯಂ ಬ್ಯಾಟರಿ ಬೇಗ ಕೆಡುತ್ತದೆ. ಅದಕ್ಕೂ ಈ ಕ್ಲೀನಿಂಗಿಗೂ ಸಂಬಂಧ ಇದೆ.

ಫ್ಯಾನಿಗೆ ಎರಡೋ ಮೂರೋ ಸ್ಕ್ರೂ, ಒಂದು ಸಣ್ಣ ವೈರ್. ವೈರನ್ನು ಎಳೆಯದೆ, ಕನೆಕ್ಟರ್ ಹಿಡಿದು ಬಿಡಿಸಿ ಫ್ಯಾನ್ ಎತ್ತಿದರೆ ಫಿನ್ಸ್‌ನ ಒಳಮುಖ ಕಾಣುತ್ತದೆ. ಮಣಿಪಾಲದ ಒಬ್ಬ ವಿದ್ಯಾರ್ಥಿಯ ಗೇಮಿಂಗ್ ಲ್ಯಾಪ್‌ಟಾಪ್ ಹೇಳುತ್ತೇನೆ. ಹಾಸಿಗೆಯ ಮೇಲೆಯೇ ಇಟ್ಟುಕೊಂಡು ಓದು, ಆಟ ಎಲ್ಲ ಅದರಲ್ಲೇ. ಫ್ಯಾನ್ ಎತ್ತಿದಾಗ ಫಿನ್ಸ್ ಕಾಣಲೇ ಇಲ್ಲ. ಈ ತುದಿಯಿಂದ ಆ ತುದಿಗೆ ಬೂದು ಬಣ್ಣದ ಪಟ್ಟಿ, ಹಳೆ ಕಂಬಳಿಯಿಂದ ಕತ್ತರಿಸಿ ಅಂಟಿಸಿದ ಹಾಗೆ. ಚಿಮುಟದಿಂದ ಒಂದು ಮೂಲೆ ಹಿಡಿದು ಮೆಲ್ಲ ಎಳೆದರೆ ಇಡೀ ಪಟ್ಟಿ ಹರಿಯದೆ ಒಂದೇ ತುಂಡಾಗಿ ಎದ್ದು ಬಂತು. ಒಂದು ಬದಿಯಲ್ಲಿ ತಗಡುಗಳ ಗುರುತು ಗೆರೆ ಗೆರೆಯಾಗಿ ಅಚ್ಚೊತ್ತಿತ್ತು. ಹುಡುಗ ಅದನ್ನು ಕೈಯಲ್ಲಿ ಹಿಡಿದು, "ಇಷ್ಟು ದೊಡ್ಡದು ಒಳಗೆ ಹೋದದ್ದು ಹೇಗೆ ಸರ್?" ಅಂದ. ಒಳಗೆ ಹೋಗಿದ್ದು ಅಲ್ಲ, ಒಳಗೇ ನೇಯ್ದುಕೊಂಡದ್ದು. ಮೊದಲು ಕೂದಲು, ನೂಲು ಅಡ್ಡ ಬೀಳುತ್ತವೆ, ಆಮೇಲೆ ಸಣ್ಣ ಧೂಳು ಅವುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಪೇಸ್ಟ್ ಮುಟ್ಟದೆ, ಇಷ್ಟು ಮಾತ್ರ ತೆಗೆದು ಜೋಡಿಸಿದೆವು. ಅದೇ ಆಟದಲ್ಲಿ 97ಕ್ಕೆ ಹೋಗಿ ತಡವರಿಸುತ್ತಿದ್ದ ಯಂತ್ರ 80ರ ಆಸುಪಾಸಿನಲ್ಲಿ ನಿಂತಿತು.

ಪಟ್ಟಿ ತೆಗೆದ ಮೇಲೆ ಮೆದು ಬ್ರಷ್‌ನಿಂದ ತಗಡುಗಳ ಉದ್ದಕ್ಕೇ ಉಜ್ಜಿ, ಅಡ್ಡಕ್ಕೆ ಉಜ್ಜಿದರೆ ಬಗ್ಗುತ್ತವೆ. ಫ್ಯಾನಿನ ಎಲೆಗಳನ್ನು ಇಯರ್ ಬಡ್‌ನಿಂದ ಒಂದೊಂದಾಗಿ ಒರೆಸಿ. ಅಂಚಿನಲ್ಲಿ ಕೂತ ಜಿಡ್ಡು ಗಾಳಿಯನ್ನು ಕಡಿಮೆ ಮಾಡುತ್ತದೆ, ಶಬ್ದ ಜಾಸ್ತಿ ಮಾಡುತ್ತದೆ. ಫ್ಯಾನಿಗೂ ಫಿನ್ಸ್‌ಗೂ ನಡುವೆ ಒಂದು ಟೇಪ್ ಅಂಟಿಸಿರುತ್ತಾರೆ, ಅದನ್ನು ಬಿಸಾಡಬೇಡಿ. ಅದಿಲ್ಲದಿದ್ದರೆ ಗಾಳಿ ಸಂದಿಯಿಂದ ಸೋರಿ ಒಳಗೇ ಸುತ್ತುತ್ತದೆ. ಕರಕರ ಶಬ್ದ ಬರುವ ಫ್ಯಾನಿಗೆ ಹೊಲಿಗೆ ಮೆಷಿನ್ ಎಣ್ಣೆ ಬಿಡುವವರಿದ್ದಾರೆ. ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ, ಎಣ್ಣೆಗೆ ಧೂಳು ಬೇರೆ ಅಂಟುತ್ತದೆ. ಬೇರಿಂಗ್ ಸವೆದ ಫ್ಯಾನ್ ಬದಲಿಸುವುದೇ ಸರಿ.

ಥರ್ಮಲ್ ಪೇಸ್ಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಕ್ಲೀನಿಂಗ್ ಅಂದ ಕೂಡಲೇ ಪೇಸ್ಟ್ ಬದಲಿಸಲೇಬೇಕು ಅಂತ ಇಲ್ಲ. ಮೊದಲು ಧೂಳು ತೆಗೆದು ತಾಪ ನೋಡಿ. ಇಳಿಯಿತೋ, ಹೀಟ್‌ಸಿಂಕ್, ಅಂದರೆ ತಾಮ್ರದ ತಟ್ಟೆ, ಕೊಳವೆ, ಫಿನ್ಸ್ ಸೇರಿದ ಭಾಗ, ಮುಟ್ಟಬೇಡಿ. ಫಿನ್ಸ್ ಕ್ಲೀನ್ ಇದ್ದೂ, ಕೆಲಸ ಶುರುಮಾಡಿದ ಕೆಲವೇ ಸೆಕೆಂಡಿಗೆ ತಾಪ 95ಕ್ಕೆ ಹಾರಿ, ಹೊರಗೆ ಬರುವ ಗಾಳಿ ಮಾತ್ರ ಉಗುರುಬೆಚ್ಚಗೆ ಇದ್ದರೆ ಆಗ ಪೇಸ್ಟ್ ಒಣಗಿದೆ ಅಂತ ಸಂಶಯ ಪಡಬಹುದು. ಬಿಸಿ ಚಿಪ್ಪಿನಿಂದ ತಾಮ್ರಕ್ಕೇ ದಾಟುತ್ತಿಲ್ಲ ಅಂತ ಲೆಕ್ಕ.

ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಬರೆದಿರುತ್ತದೆ. ಬಿಚ್ಚುವಾಗ 4, 3, 2, 1 ಅಂತ ಉಲ್ಟಾ ಕ್ರಮದಲ್ಲಿ, ಹಾಕುವಾಗ ಬರೆದ ಕ್ರಮದಲ್ಲೇ, ಒಂದೊಂದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಚಿಪ್ಪಿನ ಅಂಚು ಒಡೆಯಬಹುದು. ಹಳೆ ಪೇಸ್ಟ್ ಒರೆಸಲು 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. ಮೆಡಿಕಲ್ ಶಾಪಿನಲ್ಲಿ ಸಿಗುವುದು ಸಾಮಾನ್ಯವಾಗಿ 70 ಶೇಕಡಾದ್ದು, ಮಿಕ್ಕಿದ್ದು ಹೆಚ್ಚಾಗಿ ನೀರು. ಲ್ಯಾಪ್‌ಟಾಪ್ ಚಿಪ್ಪಿಗೆ ಡೆಸ್ಕ್‌ಟಾಪಿನದ್ದರ ಹಾಗೆ ಲೋಹದ ಮುಚ್ಚಳ ಇಲ್ಲ. ಆದ್ದರಿಂದ ಹೊಸ ಪೇಸ್ಟ್ ತೆಳುವಾಗಿ ಮೂಲೆ ಮೂಲೆಗೂ ತಲುಪಬೇಕು. ಸುತ್ತಲಿನ ಮೆಮೊರಿ ಚಿಪ್‌ಗಳ ಮೇಲಿರುವ ಮೆತ್ತನೆ ಥರ್ಮಲ್ ಪ್ಯಾಡ್ ಹರಿದರೆ ಅದೇ ದಪ್ಪದ್ದನ್ನೇ ಹಾಕಿ. ಅಲ್ಲಿ ಪೇಸ್ಟ್ ತುಂಬಿಸಿದರೆ ಸಂದಿ ಮುಚ್ಚುವುದಿಲ್ಲ. ತೆಗೆದಾಗ ಕನ್ನಡಿಯಂತೆ ಹೊಳೆಯುವ ದ್ರವ ಕಂಡರೆ ಅದು ಲಿಕ್ವಿಡ್ ಮೆಟಲ್. ಕೆಲವು ಗೇಮಿಂಗ್ ಮಾಡೆಲ್‌ಗಳಲ್ಲಿ ಕಂಪನಿಯವರೇ ಹಾಕಿರುತ್ತಾರೆ. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಯೂಮಿನಿಯಂ ತಿನ್ನುತ್ತದೆ. ಮನೆಯಲ್ಲಿ ಮುಟ್ಟುವ ವಸ್ತು ಅಲ್ಲ.

ಫ್ಯಾನೇ ಇಲ್ಲದ ಯಂತ್ರಗಳೂ ಉಂಟು. 2020ರಲ್ಲಿ ಆಪಲ್‌ನ ಎಂ1 ಚಿಪ್ ಬಂದಲ್ಲಿಂದ ಮ್ಯಾಕ್‌ಬುಕ್ ಏರ್‌ಗೆ ಫ್ಯಾನ್ ಇಲ್ಲ. ಅದನ್ನು ಕ್ಲೀನ್ ಮಾಡಲು ಬಿಚ್ಚುವ ಅಗತ್ಯವೂ ಇಲ್ಲ.

ದಿನಬಳಕೆಗೆ ಎರಡು ಮಾತು. ಹಾಸಿಗೆ, ದಿಂಬು, ಸೋಫಾದ ಮೇಲೆ ಇಡಬೇಡಿ, ಗಾಳಿಯ ದಾರಿಯೂ ಮುಚ್ಚುತ್ತದೆ, ನೂಲೂ ಒಳಗೆ ಹೋಗುತ್ತದೆ. ಮೇಜಿನ ಮೇಲಿಟ್ಟು ಹಿಂಭಾಗವನ್ನು ಒಂದೆರಡು ಬೆರಳಷ್ಟು ಎತ್ತರಿಸಿದರೆ ಸಾಕು. ಕೂಲಿಂಗ್ ಪ್ಯಾಡ್‌ಗೆ ದುಡ್ಡು ಹಾಕುವ ಮೊದಲು ಒಳಗೆ ಕ್ಲೀನ್ ಮಾಡಿಸಿ. ಫಿನ್ಸ್ ಮುಚ್ಚಿದ್ದರೆ ಕೆಳಗಿನಿಂದ ಎಷ್ಟು ಊದಿದರೂ ವ್ಯರ್ಥ. ತುರ್ತಿಗೆ, ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100 ಶೇಕಡಾದಿಂದ 99 ಶೇಕಡಾಕ್ಕೆ ಇಳಿಸಿ ನೋಡಿ. ಹೆಚ್ಚಿನ ಯಂತ್ರಗಳಲ್ಲಿ ಟರ್ಬೊ, ಅಂದರೆ ಚಿಪ್ ಆಗಾಗ ಏರಿಸಿಕೊಳ್ಳುವ ಹೆಚ್ಚುವರಿ ವೇಗ, ನಿಂತು ತಾಪ ಚೆನ್ನಾಗಿ ಇಳಿಯುತ್ತದೆ. ಕೆಲವು ಹೊಸ ಯಂತ್ರಗಳಲ್ಲಿ ಈ ಆಯ್ಕೆ ಕಾಣುವುದಿಲ್ಲ.

ಅಂಗಡಿಗೇ ಕೊಡುವುದಾದರೆ ಮನೆಯಲ್ಲೇ ತಾಪ ನೋಡಿ ಬರೆದುಕೊಂಡು ಹೋಗಿ. ಫ್ಯಾನ್ ಬಿಚ್ಚಿ ಕ್ಲೀನ್ ಮಾಡುತ್ತೀರಾ, ಬರೀ ಊದಿ ಕೊಡುತ್ತೀರಾ ಅಂತ ನೇರವಾಗಿ ಕೇಳಿ. ಸಾಧ್ಯವಾದರೆ ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡಿ. ಸರಿಯಾಗಿ ಕೆಲಸ ಮಾಡುವವರು ಯಾರೂ ಬೇಡ ಅನ್ನುವುದಿಲ್ಲ. ಮನೆಗೆ ತಂದು ಅದೇ ಕೆಲಸ, ಅದೇ ಕೋಣೆಯಲ್ಲಿ, ಅದೇ ಹೊತ್ತಿಗೆ ಮಾಡಿ ಮತ್ತೆ ತಾಪ ನೋಡಿ. ಇಳಿದಿಲ್ಲವಾದರೆ ಮರುದಿನವೇ ಹೋಗಿ ಆ ಎರಡೂ ಅಂಕಿ ತೋರಿಸಿ.